ಎಂಬತ್ತೊಂದು ವರ್ಷ ಐದು ತಿಂಗಳು

ಬೆಳಿಗ್ಗೆ ಚಹಾ ಕುಡಿಯುವಾಗ ತಮ್ಮ ಆಡಿದ ಒಂದು ಮಾತು ಅಕ್ಕನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡು, ಅವಳು ಬಸ್ಸು ಹತ್ತಿದರೂ, ಇಳಿದರೂ, ಪಿಂಚಣಿ ಕಚೇರಿಯ ಮೆಟ್ಟಿಲು ಏರಿ ಟೋಕನ್ನು ಹಿಡಿದು ಕೂತರೂ ಅಲ್ಲೇ ಇತ್ತು. "ಉದಾಹರಣೆಗೆ ಅಕ್ಕ, ನೀನು ಮೂರನೇ ವರ್ಷಕ್ಕೇ ಹೋಗಿಬಿಟ್ಟೆ ಅಂತ ಇಟ್ಕೋ. ಆಮೇಲಿಂದು ಯಾರ ಬಾಯಿಗೆ?" ಅಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದುತ್ತಾ, ಅದು ಮುರಿದು ಲೋಟದೊಳಗೆ ಬೀಳದ ಹಾಗೆ ಕಣ್ಣಿಟ್ಟು ಕಾಯುತ್ತಾ ಅಂದದ್ದು. ಆದರೆ ಮೂರೇ ಏಕೆ? ಐದು ಅನ್ನಬಹುದಿತ್ತು, ಹತ್ತು ಅನ್ನಬಹುದಿತ್ತು, ಅಂಕಿಗಳಿಗೇನು ಬರಗಾಲವೆ? ನಾಲಗೆಗೆ ತಾನಾಗಿ ಬಂದ ಅಂಕಿಯೂ ಎಲ್ಲಿಂದಲೋ ಬಂದಿರಲೇಬೇಕು. ತಮ್ಮನೂ ಅವನ ಹೆಂಡತಿಯೂ ದೀಪ ಆರಿಸಿ ಮಲಗಿ ಮಾತಾಡಿಕೊಳ್ಳುವಾಗ ಅವಳ ಆಯುಸ್ಸನ್ನು ಆ ಕಡೆಯಿಂದೊಬ್ಬರು ಈ ಕಡೆಯಿಂದೊಬ್ಬರು ಹಿಡಿದೆಳೆದು, ಒಬ್ಬರು ಐದಕ್ಕೆ ಒಬ್ಬರು ಎರಡಕ್ಕೆ ಹಠಮಾಡಿ, ಕೊನೆಗೆ ತರಕಾರಿಯವನ ಹತ್ತಿರ ಚೌಕಾಸಿ ಮುಗಿಸಿದ ಹಾಗೆ ಮೂರಕ್ಕೆ ಬಂದು ನಿಂತಿರಬಹುದೆ? ಛೆ, ಹಾಗೆಲ್ಲ ಯೋಚಿಸಬಾರದು, ನಾನೇ ಎತ್ತಿ ಆಡಿಸಿದ ಹುಡುಗ, ಎಂದುಕೊಂಡಳು. ಎತ್ತಿ ಆಡಿಸಿದ ಹುಡುಗನಿಗೆ ಈಗ ಐವತ್ತೊಂದು. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಣಕಾಲ ಮೇಲೆ ಅವಳ ಕಾಗದಗಳ ಫೈಲನ್ನಿಟ್ಟುಕೊಂಡು, ಟೋಕನ್ನಿನ ಕೆಂಪು ಅಂಕಿ ಬದಲಾಗುವುದನ್ನೇ ಬಾಯಿ ತೆರೆದು ನೋಡುತ್ತಿದ್ದ. ಫ್ರಿಜ್ಜು ರಿಪೇರಿ ಮಾಡುವವನು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದ. ಅದನ್ನು ಬಸ್ಸಿನಲ್ಲಿ ಎರಡು ಸಲ ಹೇಳಿದ್ದ.

ವಿಷಯ ಇಷ್ಟೇ. ಮೂವತ್ತೆರಡು ವರ್ಷ ಬಲ್ಬಿನ ಕಾರ್ಖಾನೆಯಲ್ಲಿ ದುಡಿದು ಹೋದ ತಿಂಗಳು ಅರವತ್ತಕ್ಕೆ ಹೊರಬಿದ್ದ ಅಕ್ಕನ ಹೆಸರಿನಲ್ಲಿ ಸಂಬಳದಿಂದ ಚೂರುಚೂರೇ ಮುರಿದಿಟ್ಟ ಒಂದು ಗಂಟು ಇತ್ತು. ಫಾರಮ್ಮಿನ ನಾಲ್ಕನೇ ಪುಟದಲ್ಲಿ ಎರಡು ಚೌಕ. ಮೊದಲನೆಯದರಲ್ಲಿ ಗುರುತು ಹಾಕಿದರೆ ಬದುಕಿರುವವರೆಗೆ ತಿಂಗಳು ತಿಂಗಳು ಹಣ, ಸ್ವಲ್ಪ ಕಡಿಮೆ. ಉಸಿರು ನಿಂತ ದಿನ ಅದೂ ನಿಂತಿತು, ಯಾರಿಗೂ ಚಿಕ್ಕಾಸಿಲ್ಲ. ಎರಡನೆಯದರಲ್ಲಿ ಹಾಕಿದರೆ ಹದಿನೈದೇ ವರ್ಷ, ಕೈತುಂಬ. ನಡುವೆ ಹೋದರೆ ಮಿಕ್ಕದ್ದು ನಾಮಿನಿಗೆ. ಹೋಗದೆ ಉಳಿದರೆ ಎಪ್ಪತ್ತೈದನೆಯ ವರ್ಷದ ಹುಟ್ಟುಹಬ್ಬದಿಂದಾಚೆಗೆ ಕೈ ಖಾಲಿ, ಹೊಟ್ಟೆ ಮಾತ್ರ ತುಂಬಿಸಬೇಕು. ಮೊದಲನೆಯದರಲ್ಲಿ ದುಡ್ಡು ಅವಳ ಜೊತೆಗೇ ಸಾಯುತ್ತಿತ್ತು, ಎರಡನೆಯದರಲ್ಲಿ ಅವಳಿಗಿಂತ ಮುಂಚೆ ಸಾಯಬಹುದಿತ್ತು. ಒಮ್ಮೆ ಹಾಕಿದ ಗುರುತನ್ನು ಬದಲಿಸುವಂತಿಲ್ಲ. ಈವತ್ತು ಮೂರು ಗಂಟೆಯೊಳಗೆ ಹಾಕದೇ ಹೋದರೆ ಹದಿನೈದು ವರ್ಷದ್ದೇ ತಾನಾಗಿ ಆಗಿಹೋಗುತ್ತದೆ. ಎರಡು ತಿಂಗಳಿಂದ ಆ ಚೌಕಗಳನ್ನು ಪೆನ್ಸಿಲಿನಿಂದ ಗೀಚಿ, ರಬ್ಬರಿನಿಂದ ಉಜ್ಜಿ, ಕಾಗದ ಅಲ್ಲಿ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ನಾಮಿನಿಯ ಜಾಗದಲ್ಲಿ ತಮ್ಮನ ಹೆಸರು ಮಾತ್ರ ಶಾಯಿಯಲ್ಲಿತ್ತು. ಅದನ್ನು ಬರೆದವಳು ತಮ್ಮನ ಹೆಂಡತಿ. ಔಷಧದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ದಿನಕ್ಕೆ ನೂರು ಬಿಲ್ಲು ಬರೆಯುವವಳ ದುಂಡು ಅಕ್ಷರ. "ನಿಮ್ಮ ಕೈ ನಡುಗುತ್ತೆ ಅತ್ತಿಗೆ, ಇಲ್ಲಿ ಕೊಡಿ," ಎಂದು ಇಸಿದುಕೊಂಡು ಬರೆದಿದ್ದಳು. ಅಕ್ಕನ ಕೈ ಈವರೆಗೆ ನಡುಗಿದ್ದಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಎರಡು ದಿನ ಲೋಟ ಹಿಡಿಯುವಾಗಲೆಲ್ಲ ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

ಇಷ್ಟು ದಿನ ಬದುಕುತ್ತೇನೆ ಎಂದು ಒಬ್ಬಳು ಹೇಗೆ ಹೇಳುವುದು? ಬೇರೆಯವರು ತಲೆ ಕೆರೆದುಕೊಂಡಾರು, ಅಕ್ಕನಿಗೆ ಮಾತ್ರ ಇದು ಅರಿಯದ ವಿದ್ಯೆಯಲ್ಲ. ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದಾಗಿತ್ತು. ಹೊಸದಾಗಿ ತಯಾರಾದ ಪ್ರತಿ ರಾಶಿಯಿಂದ ಇಪ್ಪತ್ತು ಬಲ್ಬು ಆರಿಸಿ, ಕಿಟಕಿಯಿಲ್ಲದ ಉದ್ದನೆಯ ಕೋಣೆಯ ಗೂಡುಗಳಲ್ಲಿ ಸಾಲಾಗಿ ಸಿಕ್ಕಿಸಿ, ಹಗಲಿರುಳೆನ್ನದೆ ಉರಿಸಿ, ಯಾವುದು ಎಷ್ಟು ಗಂಟೆಗೆ ಹೋಯಿತೆಂದು ಬರೆದಿಡುವುದು. ನಾಲ್ಕು ಗಂಟೆಗೊಮ್ಮೆ ಒಂದು ಸುತ್ತು. ಸುತ್ತಿಗೆ ಹೋದಾಗ ಒಂದು ಆರಿದ್ದರೆ ಅದು ಸರಿಯಾಗಿ ಯಾವ ಗಳಿಗೆಯಲ್ಲಿ ಆರಿತೆಂದು ಕಂಡವರಾರು? ಅದಕ್ಕೊಂದು ನಿಯಮ: ಹಿಂದಿನ ಸುತ್ತಿಗೂ ಈ ಸುತ್ತಿಗೂ ನಟ್ಟನಡುವಿನ ಹೊತ್ತನ್ನು ಬರೆಯಬೇಕು. ಹನ್ನೊಂದಕ್ಕೆ ಉರಿಯುತ್ತಿತ್ತು, ಮೂರಕ್ಕೆ ಆರಿತ್ತು ಎಂದರೆ ಒಂದು ಗಂಟೆ. ಯಾರಿಗೂ ಮೋಸವಿಲ್ಲ, ಯಾರಿಗೂ ನೋವಿಲ್ಲ. ಸಾವಿರ ಗಂಟೆ ಮುಗಿದ ಮೇಲೂ ಜಗ್ಗದೆ ಉರಿಯುತ್ತಿದ್ದವನ್ನು ಪರೀಕ್ಷೆ ಮುಗಿಯಿತೆಂದು ಆರಿಸಿ ಡಬ್ಬಕ್ಕೆ ಎಸೆಯುತ್ತಿದ್ದರು, ಬಳಸಿದ ಮಾಲು ಮಾರುವಂತಿಲ್ಲವಲ್ಲ. ಡಬ್ಬದ ತಳಕ್ಕೆ ಬಿದ್ದಾಗ 'ಪಟ್' ಎನ್ನುವ ಸದ್ದು ಬೇಗ ಸತ್ತವಕ್ಕೂ ಬದುಕಿದ್ದವಕ್ಕೂ ಒಂದೇ. ಕೆಲಸಗಾರರು ಅವಳಿಗೆ ಯಮಕ್ಕ ಎಂದು ಹೆಸರಿಟ್ಟಿದ್ದರು. ಹಿಂದೆ ಅನ್ನುತ್ತಿದ್ದದ್ದು ಬರಬರುತ್ತಾ ಮುಂದೆಯೇ ಅನ್ನತೊಡಗಿದರು. ಬೀಳ್ಕೊಡುಗೆಯ ದಿನ ಮ್ಯಾನೇಜರು ಮೈಕಿನ ಮುಂದೆ ನಿಂತು ಕಾಗದ ನೋಡಿಕೊಂಡು, ಅದರಲ್ಲಿ ಅವಳ ಹೆಸರು ಸಿಗದೆ ತಡವರಿಸಿ, "ನಮ್ಮ ಯಮಕ್ಕನಿಗೆ ದೀರ್ಘಾಯುಷ್ಯ ಸಿಗಲಿ," ಎಂದುಬಿಟ್ಟಿದ್ದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನೂ ನಕ್ಕಳು. ನಗದಿದ್ದರೆ ಇನ್ನೂ ಹೆಚ್ಚು ನಗುತ್ತಿದ್ದರು.

ಕೆಂಪು ಅಂಕಿ ಬದಲಾಯಿತು. "ನಮ್ದೇ, ನಮ್ದೇ," ಎಂದು ತಮ್ಮ ಅವಳಿಗಿಂತ ಮುಂಚೆ ಎದ್ದ.

ಮೇಜಿನ ಆಚೆಗಿದ್ದ ಗುಮಾಸ್ತೆ ಇಪ್ಪತ್ತೈದರ ಆಸುಪಾಸಿನ ಹುಡುಗಿ, ನೆಗಡಿ ಹತ್ತಿ ಮೂಗು ಟೊಮೆಟೊ ಹಣ್ಣಾಗಿತ್ತು. ಫಾರಮ್ಮನ್ನು ತಿರುವಿಹಾಕಿ, ಉಜ್ಜಿ ಉಜ್ಜಿ ಸವೆದ ಚೌಕಗಳನ್ನು ಕಂಡು, "ಏನಮ್ಮ ಇದು, ಇಲಿ ಕೆರೆದ ಹಾಗಿದೆ," ಎಂದಳು.

"ತೀರ್ಮಾನ ಆಗಿಲ್ಲಮ್ಮ."

"ಆಗಿದೆ, ಆಗಿದೆ," ಎಂದ ತಮ್ಮ. "ಹದಿನೈದು ವರ್ಷದ್ದು. ಅವಳಿಗೆ ಒಂದು ಸಲ ನಿಮ್ಮ ಬಾಯಲ್ಲಿ ಕೇಳ್ಬೇಕು ಅಷ್ಟೇ."

ಹುಡುಗಿ ಕ್ಯಾಲ್ಕುಲೇಟರನ್ನು ಹತ್ತಿರಕ್ಕೆಳೆದು ಟಕಟಕ ಒತ್ತಿದಳು. ನಡುವೆ ಒಂದು ಸೀನು ಬಂದು, ತೋಳಿಗೆ ಮುಖ ಒರೆಸಿಕೊಂಡು, ಮತ್ತೆ ಮೊದಲಿಂದ ಒತ್ತಿದಳು. "ನೋಡಿ, ಹದಿನೈದು ವರ್ಷದ್ದರಲ್ಲಿ ನೂರು ಬರೋ ಕಡೆ ಬದುಕಿರೋವರೆಗಿನದ್ರಲ್ಲಿ ಎಪ್ಪತ್ತು ಬರುತ್ತೆ. ಹಾಗಾಗಿ ನೀವು ಎಂಬತ್ತೊಂದು ವರ್ಷ ಐದು ತಿಂಗಳು ದಾಟಿದ್ರೆ ನಿಮಗೆ ಲಾಭ. ಅಷ್ಟರೊಳಗೆ ಹೋದ್ರೆ ನಮಗೆ ಲಾಭ." ಅಂದಮೇಲೆ ನಾಲಗೆ ಕಚ್ಚಿಕೊಂಡು, "ನಮಗೆ ಅಂದ್ರೆ ನನಗಲ್ಲಮ್ಮ, ಆಫೀಸಿಗೆ," ಎಂದಳು.

"ಗೊತ್ತಾಯ್ತು ಬಿಡು," ಎಂದಳು ಅಕ್ಕ.

ಎಂಬತ್ತೊಂದು ವರ್ಷ ಐದು ತಿಂಗಳು. ಅಲ್ಲಿಯವರೆಗಿನ ಹಾದಿಯನ್ನು ಅಕ್ಕ ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಿದಳು. ಇಪ್ಪತ್ತೊಂದು ವರ್ಷ, ಐದು ತಿಂಗಳು. ಅಷ್ಟು ಸಲ ಬೆಳಿಗ್ಗೆ ಏಳಬೇಕು, ಅಷ್ಟು ಸಲ ಹಲ್ಲುಜ್ಜಬೇಕು, ಅಷ್ಟು ಸಲ ತಮ್ಮನ ಹೆಂಡತಿ ಕೊಡುವ ಚಹಾ ಸಪ್ಪಗಿದ್ದರೂ ಚೆನ್ನಾಗಿದೆ ಅನ್ನಬೇಕು. ಬೇಕೆ? ಬೇಕು ಎಂದು ಹೊಟ್ಟೆಯೊಳಗಿಂದ ಯಾವುದೋ ಹಟಮಾರಿ ಕೂಸು ಕಿರಿಚಿದ್ದು ಕೇಳಿ ಅವಳಿಗೇ ನಾಚಿಕೆಯಾಯಿತು. ಮೊನ್ನೆ ತಮ್ಮನ ಹೆಂಡತಿ ಅಂಗಡಿಯಿಂದ ರಕ್ತದೊತ್ತಡದ ಯಂತ್ರ ತಂದು ಎಲ್ಲರದೂ ನೋಡಿದ್ದಳು. ಅಕ್ಕನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಅಂಕಿ ನೋಡಿ "ನೂರಾ ಅರವತ್ತು," ಎಂದಳು. ಎಂದಾಗಿನ ದನಿ ಮರುಕದ್ದೋ ಸಮಾಧಾನದ್ದೋ ಅಕ್ಕನಿಗೆ ಹಿಡಿಯಲಾಗಲಿಲ್ಲ. ಆ ದನಿಯನ್ನು ಎರಡು ದಿನದಿಂದ ಬಾಯೊಳಗೆ ಹಾಕಿಕೊಂಡು ಚಪ್ಪರಿಸುತ್ತಿದ್ದಳು, ಉಪ್ಪೋ ಸಿಹಿಯೋ ತಿಳಿಯುತ್ತಿರಲಿಲ್ಲ.

"ತಾಯಿ ಎಷ್ಟು ವರ್ಷ ಇದ್ರು?" ಹುಡುಗಿ ಕೇಳಿದಳು. "ಅದೂ ಸ್ವಲ್ಪ ಲೆಕ್ಕಕ್ಕೆ ಬರುತ್ತೆ. ರಕ್ತದಲ್ಲಿ ಇರುತ್ತಂತೆ."

"ಎಂಬತ್ತನಾಲ್ಕು," ಎಂದಳು ಅಕ್ಕ.

"ಅಬ್ಬ! ಹಾಗಿದ್ರೆ ನೀವೂ..."

"ಅಪ್ಪ ಐವತ್ತೆರಡಕ್ಕೇ ಹೋದ್ರು," ಎಂದು ತಮ್ಮ ಮುಂದಕ್ಕೆ ಬಾಗಿದ. "ಅದನ್ನೂ ಸೇರಿಸ್ಕೊಳ್ಳಿ ಮೇಡಂ. ಇವಳಿಗೆ ಮುಖ ಮೂಗು ಎಲ್ಲ ಅಪ್ಪಂದೇ."

ಹುಡುಗಿ ಅಕ್ಕನ ಮೂಗನ್ನು ನೋಡಿದಳು. ಅಕ್ಕನಿಗೆ ಅದನ್ನು ಮುಚ್ಚಿಕೊಳ್ಳಬೇಕೆನಿಸಿತು. ತಮ್ಮ ತಾನಾಡಿದ ಮಾತಿನ ಒರಟುತನ ತನಗೇ ತಾಗಿದವನಂತೆ ಮೆತ್ತಗಾಗಿ, ಕುರ್ಚಿಯನ್ನು ಅವಳ ಕಡೆಗೆ ಸರಿಸಿಕೊಂಡ. ಅವನ ಕಣ್ಣಲ್ಲಿ ನೀರಾಡಿದ್ದು ನಿಜವಾದ ನೀರೇ. "ಅಕ್ಕ, ಈ ಕಡೆ ನೋಡು. ಹದಿನೈದು ವರ್ಷ ಸಾಲಲ್ವಾ? ಅಂದ್ರೆ, ದುಡ್ಡಿನ ಮಾತು ಹೇಳ್ತಿರೋದು. ಆಮೇಲೆ ನಾವಿಲ್ವಾ? ಮೇಡಂ, ನಿಮಗೆ ಗೊತ್ತಿಲ್ಲ, ನಮ್ಮಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ಲು. ಇವಳು ಮದುವೆ ಮಕ್ಕಳು ಏನೂ ಅನ್ನದೆ ಒಬ್ಬಳೇ ನೋಡ್ಕೊಂಡ್ಲು. ಕೊನೆಗೆ ಇವಳ ತೊಡೆ ಮೇಲೆ ತಲೆ ಇಟ್ಟು, ನನ್ನ ಹೆಸರು ಹೇಳಿ ಕಣ್ಣು ಮುಚ್ಚಿದ್ಲು, ಮಧ್ಯಾಹ್ನ ಒಂದು ಗಂಟೆಗೆ. ನಾನು ಇರ್ಲಿಲ್ಲ. ಅಕ್ಕ, ನೀನು ಅಮ್ಮನ್ನ ಹೇಗೆ ನೋಡ್ಕೊಂಡ್ಯೋ ಹಾಗೇ ನಾವೂ ನಿನ್ನ ನೋಡ್ಕೋತೀವಿ. ಒಂದು ಗುಲಗಂಜಿ ಕಡಿಮೆ ಮಾಡಲ್ಲ."

ಗುಮಾಸ್ತೆ ಹುಡುಗಿ ನೆಗಡಿಯ ಕರವಸ್ತ್ರದಿಂದ ಕಣ್ಣನ್ನೂ ಒರೆಸಿಕೊಂಡಳು. ಅಕ್ಕ ಚಪ್ಪಲಿಯ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

ಅದು ಭಾನುವಾರ. ಒಂಬತ್ತು ವರ್ಷದ ಹಿಂದಿನದು. ಬೆಳಿಗ್ಗೆ ಹನ್ನೊಂದು ಗಂಟೆ. ಚಪ್ಪಲಿಯಂಗಡಿಯಲ್ಲಿ ಅರ್ಧ ಬೆಲೆಯ ಮಾರಾಟದ ಕಡೆಯ ದಿನ. ಒಂದು ವಾರದಿಂದ ಕಾರ್ಖಾನೆಗೆ ಹೋಗಿಬರುವಾಗ ಗಾಜಿನೊಳಗೆ ಕಂದು ಬಣ್ಣದ ಒಂದು ಜೊತೆಯನ್ನು ನೋಡಿಕೊಂಡಿದ್ದಳು. ತನಗೆಂದು ಏನನ್ನೂ ಅಷ್ಟು ಆಸೆಪಟ್ಟದ್ದು ನೆನಪಿರಲಿಲ್ಲ. ಅಮ್ಮನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿದಾಗ ಅಮ್ಮನ ತುಟಿ ನೇರಳೆಗೆ ತಿರುಗಿದ್ದನ್ನು ಕಂಡಳು. ಉಸಿರು ಗರಗಸ ಎಳೆದ ಹಾಗೆ ಬರುತ್ತಿತ್ತು. ಕಂಡಳು, ಕಂಡಿಲ್ಲ ಎಂದು ತನಗೆ ತಾನೇ ಎಷ್ಟು ವರ್ಷ ಹೇಳಿಕೊಂಡರೂ ಕಂಡಿದ್ದಳು. ಕಿಟಕಿಯ ಪರದೆ ಸರಿಸಿ, ಬೆಳಕಿನಲ್ಲಿ ಮತ್ತೊಮ್ಮೆ ನೋಡಿ, ಪರದೆ ಎಳೆದು, ಹಳೆಯ ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಂಡು ಹೊರಟಳು. ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಆಮೇಲೆ ಪಾರ್ಕಿನ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಡಬ್ಬಿಯಿಟ್ಟುಕೊಂಡು ಕೂತಳು. ಯಾರದೋ ಮಗು ಉಯ್ಯಾಲೆಗಾಗಿ ಅಳುತ್ತಿತ್ತು. ಬಿಸಿಲು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಯಿತು. ಮನೆಗೆ ಹೋದಾಗ ಮೂರು ಗಂಟೆ.

ಡಾಕ್ಟರು ಬಂದು, ನಾಡಿ ಹಿಡಿದು ಬಿಟ್ಟು, ಕಾಗದ ತೆಗೆದು, "ಎಷ್ಟು ಹೊತ್ತಿಗೆ?" ಎಂದರು. ಅಕ್ಕ ಯೋಚಿಸಲೇ ಇಲ್ಲ. ಹನ್ನೊಂದಕ್ಕೆ ಇತ್ತು, ಮೂರಕ್ಕೆ ಇರಲಿಲ್ಲ. "ಒಂದು ಗಂಟೆ," ಎಂದಳು. ಇಪ್ಪತ್ತು ವರ್ಷ ಕೈಗೆ ಕೂತ ಅಭ್ಯಾಸ. ಬಾಯಿ ತಾನಾಗಿ ಹೇಳಿತು. ಡಾಕ್ಟರು ಬರೆದರು. ಬರೆದಮೇಲೆ ಅದು ನಿಜವಾಯಿತು, ಮತ್ತು ಒಂದು ಗಂಟೆಗೆ ಅಮ್ಮ ಹೋದದ್ದು ನಿಜವಾದ ಮೇಲೆ ಒಂದು ಗಂಟೆಗೆ ಅಕ್ಕ ಅಲ್ಲಿದ್ದದ್ದೂ ನಿಜವಾಗಲೇಬೇಕಿತ್ತು. ಸಂಜೆ ತಮ್ಮ ಓಡಿ ಬಂದು, ಹೊಸ್ತಿಲಲ್ಲೇ ಕುಸಿದು, "ಕೊನೆಗೆ ಏನಾದ್ರೂ ಅಂದ್ಲಾ ಅಕ್ಕ?" ಎಂದು ಕೇಳಿದಾಗ, ಇಲ್ಲದ ಒಂದು ಗಂಟೆಯೊಳಗೆ ಇಲ್ಲದ ತೊಡೆಯೊಂದನ್ನು ಮಾಡಿ, ಅದರ ಮೇಲೆ ಅಮ್ಮನ ತಲೆಯಿಟ್ಟು, "ನಿನ್ನ ಹೆಸರು ಹೇಳಿದ್ಲು ಕಣೋ," ಎಂದಳು. ಅವನು ಅದನ್ನು ಒಂಬತ್ತು ವರ್ಷದಿಂದ ಉಂಡು ಬದುಕಿದ್ದಾನೆ. ಕಂಡಕಂಡವರಿಗೆ ಹೇಳಿದ್ದಾನೆ. ಈಗ ನೆಗಡಿಯ ಹುಡುಗಿಗೂ ಹೇಳಿದ.

ನೀನು ಅಮ್ಮನ್ನ ಹೇಗೆ ನೋಡ್ಕೊಂಡ್ಯೋ ಹಾಗೇ.

ಅಕ್ಕ ಆ ಭಾನುವಾರವನ್ನು ಮೊದಲ ಬಾರಿಗೆ, ಮನಸ್ಸಿನಲ್ಲೇ, ಅಮ್ಮನ ಹಾಸಿಗೆಯ ಮೇಲೆ ತಾನು ಮಲಗಿ ನೋಡಿದಳು. ಪರದೆ ಸರಿಯುತ್ತದೆ. ಬೆಳಕಿನಲ್ಲಿ ಒಂದು ಮುಖ ಬಾಗಿ ನಿನ್ನ ತುಟಿಯ ಬಣ್ಣ ನೋಡುತ್ತದೆ. ತಮ್ಮನ ಹೆಂಡತಿಯ ಮುಖ; ಔಷಧದಂಗಡಿಯವಳು, ಬಣ್ಣ ನೋಡಿದರೆ ಅವಳಿಗೆ ತಿಳಿಯುತ್ತದೆ. ಪರದೆ ಮುಚ್ಚುತ್ತದೆ. ಚಪ್ಪಲಿಯ ಸದ್ದು. ಅವಳು ಕೆಟ್ಟವಳಲ್ಲ, ಅಕ್ಕನೂ ಕೆಟ್ಟವಳಾಗಿರಲಿಲ್ಲ. ಆರು ವರ್ಷ ಹೇಲುಚ್ಚೆ ಬಾಚಿದವಳು ಕೆಟ್ಟವಳೆಂದು ಯಾವ ಬಾಯಿ ಅಂದೀತು? ಆದರೆ ಅಮ್ಮನಿಗೆ ತಿಂಗಳ ಹಣ ಎಂಬುದೊಂದು ಇರಲಿಲ್ಲ. ಅವಳು ಇದ್ದರೂ ಅಕ್ಕನ ಸಂಬಳ ಅಷ್ಟೇ, ಹೋದರೂ ಅಷ್ಟೇ. ಹೋದರೆ ಒಂದು ಗಂಜಿ ಉಳಿಯುತ್ತಿತ್ತು, ಒಂದು ಭಾನುವಾರ ಸಿಗುತ್ತಿತ್ತು. ಅಮ್ಮನ ಉಸಿರಿನ ಜೊತೆ ತಿಂಗಳು ತಿಂಗಳು ಬರುವ ಹಣವೂ ನಿಲ್ಲುವಂತಿದ್ದಿದ್ದರೆ? ಆ ಕಂದು ಚಪ್ಪಲಿ ಗಾಜಿನಲ್ಲೇ ಕೊಳೆಯುತ್ತಿತ್ತು. ಬರಿಗಾಲಲ್ಲಿ ಡಾಕ್ಟರ ಮನೆಗೆ ಓಡುತ್ತಿದ್ದೆ, ಎಂದು ಅಕ್ಕನಿಗೆ ಸ್ಪಷ್ಟವಾಗಿ ತಿಳಿಯಿತು. ಇಷ್ಟು ವರ್ಷ ಪಾಪ, ಪಾಪ ಎಂದು ಮುಟ್ಟದೆ ಬಿಟ್ಟದ್ದನ್ನು ಮುಟ್ಟಿದರೆ ಅದರೊಳಗಿದ್ದದ್ದು ಇಷ್ಟು ಸಣ್ಣದು, ಇಷ್ಟು ಗಟ್ಟಿಯಾದದ್ದು. ಹದಿನೈದು ವರ್ಷದ ಚೌಕದಲ್ಲಿ ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅದು ಮುಗಿದ ಮೇಲಂತೂ ಇಲ್ಲದಿದ್ದರೇ ಮೇಲು.

"ಪೆನ್ನು ಕೊಡಮ್ಮ," ಎಂದಳು.

ಮೊದಲನೆಯ ಚೌಕದಲ್ಲಿ, ಕಾಗದ ತೂತಾಗದಂತೆ ಎಚ್ಚರದಿಂದ, ಗುರುತು ಹಾಕಿದಳು. ಕೈ ನಡುಗಲಿಲ್ಲ.

"ಅಕ್ಕ," ಎಂದ ತಮ್ಮ. "ಅಕ್ಕ, ಅದು ಬೇರೇದು. ಅದು ಎರಡನೇದಲ್ಲ."

"ಗೊತ್ತು."

"ಬದುಕಿರೋವರೆಗಿಂದು ಅದು. ನೀನು ಹೋದ್ರೆ..."

"ನಾನು ಹೋಗಲ್ಲ," ಎಂದಳು ಅಕ್ಕ. ಬಾಯಿಂದ ಬಿದ್ದ ಮೇಲೆ ಅದೆಂಥ ಅಸಭ್ಯ ಮಾತು ಎನಿಸಿತು, ಊಟಕ್ಕೆ ಕರೆದವರ ಮನೆಯಲ್ಲಿ ಎಲೆ ತೆಗೆಯಬೇಡಿ ಎಂದ ಹಾಗೆ.

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಅಳತೆಪಟ್ಟಿ ತೆಗೆದು, "ಹಾಗಾದ್ರೆ ನಾಮಿನಿ ಬೇಕಾಗಲ್ಲ," ಎಂದು ತಮ್ಮನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ದುಂಡು ಅಕ್ಷರಗಳ ಹೊಟ್ಟೆ ಸೀಳಿಕೊಂಡು ಗೆರೆ ಆ ತುದಿಗೆ ಹೋಯಿತು. ತಮ್ಮ ಅದನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಅವನ ಗಾಳಿಪಟ ತಂತಿಗೆ ಸಿಕ್ಕಿ ಹರಿದಾಗ ಹೀಗೇ ನೋಡುತ್ತಿದ್ದ, ಕೆಳತುಟಿ ಒಂದಿಷ್ಟು ಮುಂದೆ ಬಂದು. ಅಕ್ಕನಿಗೆ ಆ ತುಟಿ ಕಂಡು ಕರುಳು ಹಿಂಡಿದಂತಾಯಿತು. ಅದರ ಬೆನ್ನಿಗೇ, ಹಿಂಡಿದ ಜಾಗದಿಂದಲೇ, ಒಂದು ಬಗೆಯ ಸುಖವೂ ಜಿನುಗಿತು. ಅದನ್ನು ಅವಳು ಒರೆಸಿಕೊಳ್ಳಲು ಹೋಗಲಿಲ್ಲ.

"ಸಾಕ್ಷಿ ಸಹಿ ಯಾರದು?" ಎಂದಳು ಹುಡುಗಿ.

"ಇವನದೇ," ಎಂದಳು ಅಕ್ಕ. "ಹಾಕೋ. ಅರ್ಧ ದಿನ ಕೆಲಸ ಬಿಟ್ಟು ಬಂದಿದ್ದೀಯ."

ಹಾಕಿದ. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಈಚೆ ಕೂತ. ನಾಲ್ಕನೆಯ ನಿಲ್ದಾಣಕ್ಕೆ, "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕ?" ಎಂದು ಕೇಳಿದ, ಮುಂದಿನ ಸೀಟಿನವನ ಬೋಳುತಲೆಗೆ ಕೇಳಿದ ಹಾಗೆ. ನಂಬಿಕೆ ಇದೆ ಕಣೋ, ನನ್ನ ಮೇಲಿರುವಷ್ಟೇ ಇದೆ, ಎಂದು ಹೇಳಿದ್ದರೆ ಎಲ್ಲ ಹೇಳಬೇಕಾಗುತ್ತಿತ್ತು. ಅವನ ಹೆಸರನ್ನು ಅಮ್ಮನ ಬಾಯಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು. ಈವತ್ತಿಗೆ ಒಂದು ಕಾಗದದಿಂದ ಕಿತ್ತದ್ದೇ ಸಾಕು ಎಂದು ಕಿಟಕಿಯಾಚೆಗೆ ತಿರುಗಿದಳು. ಅವನು ಮೂಗು ಏರಿಸಿಕೊಂಡ. ಮತ್ತೆ ಎರಡು ನಿಲ್ದಾಣ ಕಳೆದ ಮೇಲೆ ಅವನ ತುಟಿ ಸದ್ದಿಲ್ಲದೆ ಆಡತೊಡಗಿತು, ಬೆರಳು ಒಂದೊಂದೇ ಮಡಿಚಿಕೊಂಡವು. ಮಗ್ಗಿ ಒಪ್ಪಿಸುವಾಗಲೂ ಅವನಿಗೆ ಬೆರಳು ಬೇಕಿತ್ತು. ಇಳಿಯುವ ಹೊತ್ತಿಗೆ ಲೆಕ್ಕ ಎಲ್ಲಿಗೋ ಮುಟ್ಟಿದಂತಿತ್ತು. ಬಸ್ಸಿನ ಮೆಟ್ಟಿಲಲ್ಲಿ ಅವನು ಅವಳ ಮೊಣಕೈ ಹಿಡಿದುಕೊಂಡ. "ನಿಧಾನ," ಎಂದ. ರಸ್ತೆ ದಾಟುವವರೆಗೂ ಬಿಡಲಿಲ್ಲ.

ಸಂಜೆ ತಮ್ಮನ ಹೆಂಡತಿ ಅಂಗಡಿಯಿಂದ ಬಂದಳು. ಅಡುಗೆಮನೆಯಲ್ಲಿ ಮೊದಲು ಪಿಸುಮಾತು, ಆಮೇಲೆ ತಟ್ಟೆಯೊಂದು ನೆಲಕ್ಕೆ ಬಿದ್ದು ಗಿರಗಿರ ತಿರುಗಿ ನಿಂತ ಸದ್ದು. ಅಕ್ಕ ಹಿಂಬದಿಯ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತು ಕಿವಿಯನ್ನು ಗೋಡೆಯಾಚೆಗೆ ಕಳಿಸಿದ್ದಳು. "ನೀವು ಪಕ್ಕದಲ್ಲಿ ಕೂತು ಏನು ಕಡ್ಲೆಕಾಯಿ ಬಿಡಿಸ್ತಿದ್ರಾ?" ಎಂದಳು ಅವಳು. "ಹಾಸ್ಟೆಲ್ಲಿರೋ ಮಗಳ ಫೀಸು ನಿಮ್ಮಕ್ಕನ ಎಪ್ಪತ್ತರಲ್ಲಿ ಕಟ್ತೀರಾ?" ತಮ್ಮ ಏನೋ ಗೊಣಗಿದ. "ಏನು? ಜೋರಾಗಿ ಹೇಳಿ." "ಇರೋವರೆಗೂ ಬರುತ್ತೆ ಅಂದೆ. ಎಷ್ಟು ವರ್ಷ ಇದ್ರೂ ಬರುತ್ತೆ. ಎಂಬತ್ತೊಂದೂವರೆ ದಾಟಿಸಿಬಿಟ್ರೆ ನಮಗೇ ಲಾಭ ಕಣೇ." ನಲ್ಲಿಯ ನೀರು ಸ್ವಲ್ಪ ಹೊತ್ತು ಸುಮ್ಮನೆ ಹರಿಯಿತು. ಆಮೇಲೆ ನಲ್ಲಿ ನಿಂತಿತು. "ಬಿಪಿ ನೂರಾ ಅರವತ್ತಿದೆ," ಎಂದಳು ತಮ್ಮನ ಹೆಂಡತಿ. ಈ ಸಲ ಅವಳ ದನಿ ಏನೆಂಬುದರಲ್ಲಿ ಅನುಮಾನವಿರಲಿಲ್ಲ. ಅದು ಭಯ, ಒಪ್ಪವಾದ, ಪ್ರಾಮಾಣಿಕವಾದ ಭಯ.

ಕೊಂಡ ಮಾಲು ಇಷ್ಟು ಬೇಗ ಮನೆ ಬಾಗಿಲಿಗೆ ಬಂದೀತೆಂದು ಅಕ್ಕ ನೆನೆಸಿರಲಿಲ್ಲ. ಅರ್ಧ ಗಂಟೆಯಲ್ಲಿ ತಮ್ಮನ ಹೆಂಡತಿ ಕೋಣೆಗೆ ಬಂದು, ಮೊದಲು ಪಟ್ಟಿ ಸುತ್ತಿ ಒತ್ತಡ ನೋಡಿ, ತಲೆದಿಂಬು ಒತ್ತಿ ನೋಡಿ ಎತ್ತರವಾಯಿತೆಂದು ತೆಗೆದು, ಕಪಾಟಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ಉಪ್ಪಿದೆಯೆಂದು ಎತ್ತಿಕೊಂಡಳು. "ನಾಳೆಯಿಂದ ನೀವು ಇಲ್ಲಿ ಮಲಗೋದು ಬೇಡ ಅತ್ತಿಗೆ. ನಮ್ಮ ಕೋಣೆ ಪಕ್ಕಕ್ಕೆ ಮಂಚ ಹಾಕಿಸ್ತೀವಿ, ನಡುವೆ ಬಾಗಿಲು ತೆರೆದಿಟ್ರೆ ಕೆಮ್ಮಿದ್ರೂ ಕೇಳುತ್ತೆ. ಒಬ್ರೇ ಪೇಟೆಗೆ ಹೋಗೋದೂ ಬೇಡ. ಏನು ಬೇಕೋ ಹೇಳಿ, ತರಿಸ್ತೀನಿ." "ನನಗೇನಾಗಿದೆ ಈಗ?" ಎಂದಳು ಅಕ್ಕ. "ಆಗೋಕೆ ಮುಂಚೆ ನೋಡ್ಕೋಬೇಕು ಅತ್ತಿಗೆ. ಆದ ಮೇಲೆ ಏನಿದೆ?" ಎಂದು ಅವಳು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಗಾಳಿ ಬರುತ್ತದೆಂದು ಕಿಟಕಿಯ ಅರ್ಧ ಬಾಗಿಲು ಹಾಕಿ ಹೋದಳು. ಆಡಿದ ಮಾತುಗಳಲ್ಲಿ ಒಂದಾದರೂ ಒರಟಾಗಿದ್ದರೆ ಅಕ್ಕ ಜಗಳವಾಡುತ್ತಿದ್ದಳು. ಎಲ್ಲವೂ ಬೆಣ್ಣೆಯ ಹಾಗಿದ್ದವು, ಎಲ್ಲಿ ಹಿಡಿದರೂ ಜಾರುತ್ತಿದ್ದವು.

ಬಚ್ಚಲಿಗೆ ಹೋದಾಗ ತಮ್ಮ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗಿನ ಚಿಲಕ ಬಿಚ್ಚುತ್ತಿದ್ದ. ಮೂರು ತಿರುಪು ನೆಲದ ಮೇಲೆ ಸಾಲಾಗಿದ್ದವು, ನಾಲ್ಕನೆಯದು ತುಕ್ಕು ಹಿಡಿದು ಹಠಮಾಡುತ್ತಿತ್ತು. "ಒಳಗೆ ಜಾರಿ ಬಿದ್ರೆ ಬಾಗಿಲು ಒಡೀಬೇಕಾಗುತ್ತೆ ಅಕ್ಕ," ಎಂದ, ತಲೆಯೆತ್ತದೆ. "ಅವಳು ಹೇಳಿದ್ಲು." "ನಾನು ಹೆಂಗಸು ಕಣೋ," ಎಂದಳು ಅಕ್ಕ. "ಯಾರು ನೋಡ್ತಾರೆ ಬಿಡು ನಿನ್ನ," ಎಂದು ನಕ್ಕ. ನಾಲ್ಕನೆಯ ತಿರುಪು ಕಿರುಗುಟ್ಟಿ ಬಂತು. ಚಿಲಕವಿದ್ದ ಜಾಗದಲ್ಲಿ ಬಣ್ಣ ಹಚ್ಚದ ಮರದ ಒಂದು ಪಟ್ಟೆ, ಗಾಯದ ಮೇಲಿನ ಹೊಸ ಚರ್ಮದ ಹಾಗೆ.

ಅಕ್ಕ ಲಂಗವನ್ನು ಎದೆಗೆ ಬಿಗಿದುಕೊಂಡು ಮಣೆಯ ಮೇಲೆ ಕೂತು ಮೈಗೆ ನೀರು ಹಾಕಿಕೊಂಡಳು. ಬಾಗಿಲು ನಿಲ್ಲುತ್ತಿರಲಿಲ್ಲ, ತಳ್ಳಿದರೆ ಹೋಗಿ, ಬಿಟ್ಟರೆ ಒಂದು ಗೇಣು ತೆರೆದುಕೊಂಡು ಬರುತ್ತಿತ್ತು. ಒಂದು ಕಾಲಿನಿಂದ ಅದನ್ನು ಒತ್ತಿ ಹಿಡಿದು ಇನ್ನೊಂದು ಕಾಲಿಗೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ ಹೊರಗಿನಿಂದ, "ಅತ್ತಿಗೆ?" ಎಂಬ ಕೂಗು ಬಂತು. "ಹೂಂ," ಎಂದಳು. ಎರಡು ಚೊಂಬು ನೀರು ಹಾಕಿಕೊಳ್ಳುವಷ್ಟರಲ್ಲಿ ಮತ್ತೆ, "ಅತ್ತಿಗೆ?" ಈ ಸಲ ಅಕ್ಕ ಬಾಯಿ ತೆರೆದವಳು ಮುಚ್ಚಿಕೊಂಡಳು. ಕಾಲನ್ನು ಬಾಗಿಲಿನಿಂದ ತೆಗೆದಳು. ಚೊಂಬನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ನೋಡೋಣ ಎಂದುಕೊಂಡಳು. ಜೀವಮಾನವಿಡೀ ಯಾರಾದರೂ ತನಗಾಗಿ ಓಡಿ ಬಂದದ್ದುಂಟೆ? "ಅತ್ತಿಗೆ? ಅತ್ತಿಗೇ!" ದನಿ ಒಡೆಯಿತು. "ರೀ, ಬನ್ರೀ ಬೇಗ!" ಎರಡು ಜೊತೆ ಕಾಲು, ಒಂದು ಎಲ್ಲಿಯೋ ಎಡವಿ, ಕುರ್ಚಿಯೊಂದನ್ನು ಕೆಡವಿ, ಓಡಿ ಬಂದವು. ಅಕ್ಕನ ಎದೆ ಹುಡುಗಿಯರ ಎದೆಯ ಹಾಗೆ ಹೊಡೆದುಕೊಂಡಿತು.

ಬಾಗಿಲು ಗೋಡೆಗೆ ಬಡಿದು ತೆರೆಯಿತು. ಮುಂದೆ ತಮ್ಮ, ಅವನ ಭುಜದಾಚೆ ಅವನ ಹೆಂಡತಿ. ಅವನು ಮುಖ ತಿರುಗಿಸಿಕೊಳ್ಳಲಿಲ್ಲ. ಸೋಪಿನ ನೊರೆಯಲ್ಲಿ, ಒದ್ದೆ ಲಂಗದಲ್ಲಿ ಮುದುರಿಕೊಂಡ ಅಕ್ಕನನ್ನು ಅವನ ಕಣ್ಣು ನೋಡಲೇ ಇಲ್ಲ. ಅದು ಸೀದಾ ಅವಳ ಎದೆಗೆ ಹೋಗಿ, ಅದು ಏಳುವುದನ್ನು ಒಂದು ಸಲ, ಇಳಿಯುವುದನ್ನು ಒಂದು ಸಲ ನೋಡಿಕೊಂಡು, ಇನ್ನೊಂದು ಸಲ ಎದ್ದದ್ದನ್ನೂ ನೋಡಿ ಖಾತ್ರಿಮಾಡಿಕೊಂಡು, ಆಮೇಲೆ ಮುಚ್ಚಿಕೊಂಡಿತು.

"ಸದ್ಯ," ಎಂದಳು ಹೆಂಡತಿ. ಅವಳ ಹಣೆಯಲ್ಲಿ ಬೆವರು ಮೂಡಿತ್ತು. "ಕರೆದ್ರೆ ಒಂದು ಹೂಂ ಅನ್ನೋಕೆ ಏನು ಗಂಟು ಹೋಗುತ್ತೆ ಅತ್ತಿಗೆ? ಜೀವ ಬಾಯಿಗೆ ಬಂದುಬಿಡ್ತು ನಮ್ದು."

"ನೀರು ಕಿವಿಗೆ ಹೋಗಿತ್ತು," ಎಂದಳು ಅಕ್ಕ.

ಇಬ್ಬರೂ ಹೋದರು. ಬಾಗಿಲು ಒಂದು ಗೇಣು ತೆರೆದೇ ನಿಂತಿತು. ಅಕ್ಕ ಕಾಲು ಚಾಚಲು ಹೋಗಿ ಸುಮ್ಮನಾದಳು. ಹೊರಗೆ ಬಿದ್ದ ಕುರ್ಚಿಯನ್ನು ಎತ್ತಿ, ಎಳೆದು ತಂದು, ಬಚ್ಚಲಿನ ಗೋಡೆಗೆ ಒರಗಿಸಿ, ಯಾರೋ ನಿಟ್ಟುಸಿರುಬಿಟ್ಟು ಅದರ ಮೇಲೆ ಕೂತದ್ದು ಕೇಳಿಸಿತು. ಮೈಮೇಲಿನ ನೊರೆ ಒಣಗಿ ಚರ್ಮವನ್ನು ಜಗ್ಗುತ್ತಿತ್ತು.

"ಅತ್ತಿಗೆ?"

"ಹೂಂ," ಎಂದಳು ಅಕ್ಕ.

ಒಂದು ಚೊಂಬು ನೀರು ಹಾಕಿಕೊಂಡಳು. ಅದು ಆಗಲೇ ತಣ್ಣಗಾಗಿತ್ತು.

"ಅತ್ತಿಗೆ?"

"ಹೂಂ."